ಅರಳದ ಗುಂಡು

ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನು ಪಟಾರನೆ ಒಡೆಯಿತು. ಅದರ ಹಿಂದಿದ್ದದ್ದು ಅಲುಗಾಡಿ ಮಗುಚಿಬಿತ್ತು.

“ಪಾಪ, ಅವೇನು ಅನ್ಯಾಯ ಮಾಡಿದ್ವು?” ಎಂದ ಕಾನ್‌ಸ್ಟೆಬಲ್ ಡೆಸ್. ಕಲ್ಲುಗಣಿಯ ಅಂಚಿನಲ್ಲಿ ಕೂತು ಬಿಸಿ ಪೈ ತಿನ್ನುತ್ತಿದ್ದ. “ಊರಿನ ಹಾಲಿನ ಕ್ಯಾನೆಲ್ಲ ಮುಗಿಸಿಬಿಟ್ರಿ, ಸಾರ್ಜೆಂಟ್. ನಾಳೆ ನಮ್ಮ ಮೇಲೇ ಕಂಪ್ಲೇಂಟ್ ಬರುತ್ತೆ.”

ಡಿಟೆಕ್ಟಿವ್ ಸಾರ್ಜೆಂಟ್ ಹೂರಿಯಾ ಬ್ರಾಮ್ಲಿ ರೈಫಲ್ಲನ್ನು ಖಾಲಿ ಮಾಡಿ ಕೆಳಗಿಟ್ಟು, ಒದ್ದೆ ಹುಲ್ಲಿನಿಂದ ಎದ್ದು, ಕ್ಯಾನುಗಳ ಸಾಲಿನ ಕಡೆ ನಡೆದಳು. ಗುಂಡು ಮೂರನೆಯ ಕ್ಯಾನಿನ ತಳದಲ್ಲಿ ಬಿದ್ದಿತ್ತು. ಅಪ್ಪಟ ತಾಮ್ರದ ಗುಂಡು. ಮೂತಿ ನಾಲ್ಕು ಎಸಳಾಗಿ ಸೀಳಿ ಹಿಂದಕ್ಕೆ ಮಡಚಿಕೊಂಡಿತ್ತು, ಯಾರೋ ಅಕ್ಕಸಾಲಿಗ ಕೂತು ಮಾಡಿದ ಹೂವಿನ ಹಾಗೆ.

ಮೂವತ್ತು ಹೆಜ್ಜೆಯಿಂದ ಹೊಡೆದ ಪ್ರತಿಯೊಂದು ಗುಂಡೂ ಹೀಗೇ ಅರಳಿತ್ತು. ಅಡ್ಡಕ್ಕೆ ಮಾನುಕಾ ಕೊಂಬೆ ಕಟ್ಟಿ ಹೊಡೆದಾಗಲೂ ಅರಳಿತ್ತು, ಸ್ವಲ್ಪ ಸೊಟ್ಟಗೆ, ಅಷ್ಟೆ.

ಜೇಬಿನಿಂದ ಒಂದು ಫೋಟೋ ತೆಗೆದಳು. ಕಾಡಿನಲ್ಲಿ ಸತ್ತ ಗ್ರೇಮ್ ಟಲಕ್‌ನ ಬೆನ್ನುಮೂಳೆಯಿಂದ ಡಾಕ್ಟರು ಕಿತ್ತು ತೆಗೆದ ಗುಂಡಿನದು. ಇದೇ ತಾಮ್ರ, ಇದೇ ತೂಕ. ಆದರೆ ಅದರ ಮೂತಿ ಆಕಳಿಸಲು ಹೋಗಿ ನಿಲ್ಲಿಸಿದಂತೆ ಚೂರೇ ಚೂರು ಬಾಯಿ ಬಿಟ್ಟಿತ್ತು.

“ಡೆಸ್, ಇನ್ನೊಂದು ಸಾಲು ಕ್ಯಾನು ಇಡು. ನಾನು ಕುರಿ ಬಯಲಿನ ಆಚೆ ಕಡೆಗೆ ಹೋಗ್ತೀನಿ.”

“ಅಲ್ಲಿಂದ? ಅಲ್ಲಿಂದ ಈ ಗಣಿ ಕಂಡ್ರೇ ಹೆಚ್ಚು!”

“ಅದಕ್ಕೇ ನೀನು ಕಾರಲ್ಲಿ ಕೂತಿರು. ಗಣಿಯಿಂದ ದೂರ.”

ಆಚೆ ದಿಬ್ಬದ ಮೇಲೆ ಬೋರಲು ಮಲಗಿ ಗುರಿ ಹಿಡಿದಳು. ನಾನು ಮಾಡುತ್ತಿರುವುದು ಸರಿಯೇ? ಪ್ರಯೋಗಾಲಯದವರು ಮಾಡಬೇಕಾದ್ದನ್ನು ಹಾಲಿನ ಕ್ಯಾನಿಟ್ಟುಕೊಂಡು ಮಾಡುತ್ತಿದ್ದೇನಲ್ಲ, ನಾಳೆ ಯಾರಾದರೂ ನಕ್ಕರೆ? ಮೊದಲ ಗುಂಡುಗಳು ಎಲ್ಲೋ ಹೋದವು. ಉಸಿರು ಬಿಟ್ಟು, ಕಾದು, ಮತ್ತೆ ಹೊಡೆದಳು. ಬಹಳ ಹೊತ್ತಿನ ಮೇಲೆ ದೂರದಲ್ಲಿ ಒಂದು ಕ್ಯಾನು ನಿಧಾನಕ್ಕೆ ವಾಲಿತು.

ಅದರ ಹಿಂದಿನ ಕ್ಯಾನುಗಳನ್ನೂ ತೂರಿಕೊಂಡು ಹೋದ ಗುಂಡು ಮರಳಿನಲ್ಲಿ ಸಿಕ್ಕಿತು. ಮೂತಿ ಚೂರೇ ಬಾಯಿ ಬಿಟ್ಟಿತ್ತು. ಫೋಟೋದ ಪಕ್ಕ ಹಿಡಿದರೆ ಅಣ್ಣ ತಮ್ಮನಂತಿತ್ತು.

“ಅಂದ್ರೆ?” ಎಂದ ಡೆಸ್. ಈಗ ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

“ಅಂದ್ರೆ ಕೋರೋ ಸುಳ್ಳು ಹೇಳ್ತಿದಾರೆ.”

*

ಕಣಿವೆಯೆಲ್ಲ ಎರುವೇರಾರನ್ನು ಕೋರೋ ಎಂದೇ ಕರೆಯುತ್ತಿತ್ತು. ಅಜ್ಜನಿಲ್ಲದವರಿಗೂ ಅವರು ಅಜ್ಜ. ಕಳೆದ ವಾರ, ಗಂಡು ಜಿಂಕೆಗಳು ಹೆಣ್ಣಿಗಾಗಿ ಕೂಗುವ ಕಾಲದಲ್ಲಿ, ಡನೀಡನ್‌ನಿಂದ ಬೇಟೆಗೆಂದು ಬಂದಿದ್ದ ಟಲಕ್‌ನನ್ನು ಅವರೇ ವೈಕುರಾ ಹೊಳೆಯ ಕಾಡಿಗೆ ಕರೆದೊಯ್ದಿದ್ದರು. ಅವನ ಹೆಣದೊಂದಿಗೆ ಹೆಲಿಕಾಪ್ಟರಿನಲ್ಲಿ ವಾಪಸ್ ಬಂದಿದ್ದರು. ಮಾರನೆಯ ದಿನ ರೈಫಲ್ ತಂದು ಠಾಣೆಯ ಮೇಜಿನ ಮೇಲಿಟ್ಟು, “ಗಂಡು ಜಿಂಕೆ ಅಂದ್ಕೊಂಡು ಹೊಡೆದೆ. ಮೂವತ್ತು ಹೆಜ್ಜೆಯಿಂದ,” ಎಂದಿದ್ದರು.

ಗುಂಡು ಆ ರೈಫಲ್ಲಿನದೇ ಎಂದು ಪ್ರಯೋಗಾಲಯ ಹೇಳಿತು. ಅವರ ಮನೆಯ ಕಪಾಟಿನಲ್ಲಿದ್ದ ಮಿಕ್ಕ ರೈಫಲ್ಲು, ತೋಟಾಗಳನ್ನೂ ಡೆಸ್ ಠಾಣೆಗೆ ತಂದಿಟ್ಟಿದ್ದ. ಕೂಗಿನ ಕಾಲದಲ್ಲಿ ಇಂಥದ್ದು ಆಗುತ್ತದೆ. ಪೊದೆಯ ಹಿಂದೆ ಯಾರೋ ಕೂಗು ಅಣಕಿಸುತ್ತಾರೆ, ಇನ್ಯಾರೋ ಅದಕ್ಕೆ ಗುರಿಯಿಡುತ್ತಾರೆ. ನಾಳೆ ಬೆಳಗ್ಗೆ ಕೋರ್ಟಿನಲ್ಲಿ ಕೋರೋ ತಪ್ಪೊಪ್ಪಿಕೊಂಡರೆ ಫೈಲು ಮುಚ್ಚುತ್ತದೆ. ಜಿಂಕೆಯನ್ನೂ ಮನುಷ್ಯನನ್ನೂ ಗುರುತಿಸಲು ಮೂರು ತಲೆಮಾರಿಗೆ ಕಲಿಸಿದ ಮುದುಕ, ಮನುಷ್ಯನನ್ನು ಜಿಂಕೆ ಎಂದುಕೊಂಡು ಕೊಂದ ಮುದುಕನಾಗಿ ಸಾಯುತ್ತಾರೆ. ಕೊಂದವರು ಯಾರೋ, ಅವರು ಹಾಯಾಗಿರುತ್ತಾರೆ.

ಹೂರಿಯಾಗೆ ನಿದ್ದೆ ಕೆಡಿಸಿದ್ದು ಇನ್ನೊಂದು. ಟಲಕ್‌ನ ಹೆಂಡತಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ತಕ್ಷಣ ಹೋದ್ರಾ? ನೋವಾಗ್ಲಿಲ್ಲ ತಾನೆ?” ಹೂರಿಯಾ “ತಕ್ಷಣ” ಎಂದಿದ್ದಳು. ಮೂವತ್ತು ಹೆಜ್ಜೆಯಿಂದ ಅರಳಿದ ಗುಂಡಾಗಿದ್ದರೆ ಅದು ನಿಜವಾಗುತ್ತಿತ್ತು.

ಡಾಕ್ಟರು ಇನ್ನೊಂದು ಸಂಗತಿಯನ್ನೂ ಹೇಳಿದ್ದರು. ಗಾಯದ ಒಳಗೆ ಕಿತ್ತಳೆ ಬಣ್ಣದ ಎಳೆಗಳಿದ್ದವು. ಟಲಕ್‌ನ ಮೈಮೇಲಿದ್ದದ್ದು ಬೂದು ಉಣ್ಣೆ ಅಂಗಿ. ಹಗ್ಗದ್ದೋ ಚೀಲದ್ದೋ ಇರಬೇಕು ಎಂದು ಎಲ್ಲರೂ ಕೈಬಿಟ್ಟಿದ್ದರು.

*

ಮಧ್ಯಾಹ್ನ ಎರುವೇರಾ ಕೊನೆಯ ಹೇಳಿಕೆಗೆಂದು ಬಂದರು. ಮಗಳು ಮೆರಿಯಾನಾ ಪಿಕಪ್ಪಿನಲ್ಲಿ ಕರೆತಂದು ಬಾಗಿಲಲ್ಲಿ ಇಳಿಸಿ, “ಮುಗಿದ ತಕ್ಷಣ ಬರ್ತೀನಿ, ಅಪ್ಪಾ. ತಿನ್ನೋಕೆ ಏನಾದ್ರೂ ತರ್ತೀನಿ,” ಎಂದು ಹೋದಳು. ಅವರಿಗೆ ಜಾಮೀನು ಸಿಕ್ಕಿದ್ದು ಅವಳ ಹೊಣೆಯ ಮೇಲೆಯೇ; ಮನೆಯಲ್ಲಿದ್ದದ್ದು ಅವರಿಬ್ಬರೇ.

ವಕೀಲರನ್ನು ಎರುವೇರಾ ಮೊದಲ ದಿನವೇ ಬೇಡವೆಂದಿದ್ದರು. ಹೀಟರಿನ ಹತ್ತಿರದ ಕುರ್ಚಿಯಲ್ಲಿ ಕೂತು, ಟೋಪಿಯನ್ನು ಮೊಣಕಾಲಿನ ಮೇಲಿಟ್ಟರು.

“ಬೇಗ ಮುಗಿಸು, ಹುಡುಗಿ. ಈ ಕುರ್ಚೀಲಿ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ. ಜೈಲಲ್ಲಾದ್ರೂ ಒಳ್ಳೇ ಕುರ್ಚಿ ಇದ್ಯಾ?”

ಹೂರಿಯಾ ರೆಕಾರ್ಡರ್ ಒತ್ತಿದಳು. ಮೇಜಿನ ಮೇಲೆ ಅರಳಿದ ಗುಂಡೊಂದನ್ನು ಇಟ್ಟಳು. ಪಕ್ಕದಲ್ಲಿ ಟಲಕ್‌ನ ಮೈಯಿಂದ ಬಂದದ್ದನ್ನು ಅದರ ಚೀಲದ ಸಮೇತ ಇಟ್ಟಳು. ಎರುವೇರಾ ಮೊದಲನೆಯದನ್ನು ನೋಡಿದರು. ಎರಡನೆಯದರ ಮೇಲೆ ಅವರ ಕಣ್ಣು ನಿಲ್ಲಲಿಲ್ಲ.

“ಕೋರೋ, ಜಿಂಕೆಗೆ ಗುಂಡು ಆರಿಸೋದನ್ನ ನನಗೆ ಕಲಿಸಿದ್ದು ನೀವು.”

“ನಿನಗೊಬ್ಬಳಿಗೇನಾ? ಕಣಿವೇಲಿರೋ ಕುರಿಗಳಿಗೆಲ್ಲ ಕಲಿಸಿದೀನಿ.”

“ಹಾಗಾದ್ರೆ ಇನ್ನೊಂದ್ಸಲ ಕಲಿಸಿ. ಟೇಪಿಗೆ.”

ಅವರು ಅವಳನ್ನೇ ನೋಡಿದರು. ಇದು ಬಲೆ ಎಂದು ಗೊತ್ತಿತ್ತು. ಆದರೆ ಜೀವಮಾನವೆಲ್ಲ ಹೇಳಿದ ಪಾಠ. ಕೇಳಿದವರಿಗೆ ಇಲ್ಲ ಎನ್ನಲು ಗೊತ್ತಿಲ್ಲದ ಮನುಷ್ಯ.

“ಮೊದಲು ಎಲ್ಲಿ ನಿಂತು ಹೊಡೀತೀಯ ಅಂತ ಯೋಚಿಸು. ಆಮೇಲೆ ಗುಂಡು,” ಎಂದು ಶುರು ಮಾಡಿದರು. “ಒಳಗೆ ಹೋದ ಮೇಲೆ ಅರಳಬೇಕು. ಅರಳಿದ್ರೆ ತಾನು ಸತ್ತಿದ್ದು ಪ್ರಾಣಿಗೇ ಗೊತ್ತಾಗಲ್ಲ. ಅರಳ್ದೇ ಹೋದ್ರೆ ಸೂಜಿ ತೂರಿದ ಹಾಗೆ. ಅದು ಓಡುತ್ತೆ, ಎಲ್ಲೋ ಹೊಂಡದಲ್ಲಿ ಬಿದ್ದು ಒದ್ದಾಡಿಕೊಂಡು ಸಾಯುತ್ತೆ. ಅದು ಬೇಟೆ ಅಲ್ಲ, ಹೊಲಸು ಕೆಲಸ.”

“ಸೀಸದ್ದು?”

“ಸೀಸ ಮೆತ್ತಗೆ. ಎಷ್ಟು ದೂರದಿಂದ ಬಂದ್ರೂ ಅರಳುತ್ತೆ. ಆದ್ರೆ ಮಾಂಸದ ತುಂಬಾ ಚೂರು ಬಿಡುತ್ತೆ. ನಮ್ಮ ಮಾಂಸ ಮರಾಯೆ ಸಭಾಮನೆಯ ಅಡುಗೆಗೆ ಹೋಗುತ್ತೆ, ಹತ್ತು ಮನೆ ಮಕ್ಕಳು ತಿಂತಾವೆ. ಕರುಳು ಬಿಟ್ಟು ಬಂದ್ರೆ ಕೀಯಾ ಗಿಳಿ ತಿಂದು ಸಾಯ್ತಾವೆ. ಅದಕ್ಕೇ ನಾನು ಸೀಸ ಮುಟ್ಟದೆ ಎಷ್ಟೋ ವರ್ಷ ಆಯ್ತು. ನಮ್ಮನೇಲಿ ತಾಮ್ರದ್ದೇ. ನಾನೇ ಕೂತು ತೋಟಾ ತುಂಬೋದು.”

“ತಾಮ್ರ ಹೇಗೆ?”

“ಗಟ್ಟಿ. ವೇಗ ಇದ್ರೆ ಮಾತ್ರ ಅರಳುತ್ತೆ. ದೂರ ಹೋದ ಹಾಗೆ ಸುಸ್ತಾಗಿ, ಮೊಗ್ಗಾಗೇ ಉಳಿಯುತ್ತೆ. ತಾಮ್ರ ತುಂಬ್ಕೊಂಡೋನು ಹತ್ತಿರಕ್ಕೆ ತೆವಳಿಕೊಂಡು ಹೋಗ್ಬೇಕು, ಇಲ್ಲಾಂದ್ರೆ...”

ಮಾತು ಅಲ್ಲೇ ನಿಂತಿತು.

ಹೂರಿಯಾ ಚೀಲವನ್ನು ಅವರ ಮುಂದಕ್ಕೆ ಸರಿಸಿದಳು. “ಇದು ಮೊಗ್ಗು, ಕೋರೋ.”

“ಕೊಂಬೆಗೆ ತಗುಲಿರುತ್ತೆ. ಮೂತಿ ಕಟ್ಕೊಂಡ್ರೆ ಅರಳಲ್ಲ. ನಿಂಗೊತ್ತಿಲ್ವಾ?”

“ಕೊಂಬೆ ಕಟ್ಟಿ ಹೊಡೆದು ನೋಡಿದೆ. ನೀವೇ ತುಂಬಿದ ತೋಟಾ. ಹತ್ತಿರದಿಂದ ಎಲ್ಲಾ ಅರಳಿದ್ವು.”

“ಎಲ್ಲಾ ಅರಳಿದ್ವು ಅಂತ ಇದೂ ಅರಳಬೇಕಾ? ಒಂದೊಂದು ಹುಟ್ಟಾ ಮೊಂಡು ಇರುತ್ತೆ. ಮನುಷ್ಯರ ಹಾಗೆ.”

ಹೂರಿಯಾ ಮತ್ತೆ ಚೀಲದ ಕಡೆ ನೋಡಿದಳು. ಹೌದಲ್ಲ, ಒಂದು ಮೊಂಡಾಗಿರಬಾರದೇಕೆ? ಹಾಲಿನ ಕ್ಯಾನುಗಳ ಸಾಕ್ಷಿ ಎಷ್ಟರದು? ಆದರೆ ಎರುವೇರಾರ ಬೆರಳುಗಳು ಟೋಪಿಯ ಅಂಚನ್ನು ಹಿಂಡುತ್ತಿದ್ದವು. ನಿಜ ಹೇಳುವಾಗ ಅವರ ಕೈ ಎಂದೂ ಅಲುಗಾಡಿದ್ದನ್ನು ಅವಳು ನೋಡಿರಲಿಲ್ಲ.

“ಆಯ್ತು. ಇನ್ನೊಂದು ಹೇಳಿ. ಟಲಕ್ ಬೂದು ಅಂಗೀಲಿದ್ದ ಅಂದ್ರಿ. ಗಾಯದ ಒಳಗೆ ಕಿತ್ತಳೆ ಎಳೆ ಹೇಗೆ ಬಂತು?”

ಅವರು ಟೋಪಿಯನ್ನು ಇನ್ನೊಂದು ಮೊಣಕಾಲಿಗೆ ಬದಲಿಸಿದರು.

“ನಾನು ಹೇಳ್ಲಾ? ಪೇಟೆಯವನು ಎಲೆ ಬಣ್ಣದ ಹೊಸ ಕೋಟು ಹಾಕ್ಕೊಂಡು ಬಂದಿರ್ತಾನೆ. ಕೂಗಿನ ಕಾಲದಲ್ಲಿ ಹಾಗೆ ಕಾಡಿಗೆ ಬಂದೋರನ್ನ ನೀವು ಕರ್ಕೊಂಡು ಹೋಗಲ್ಲ. ನಿಮ್ಮ ಕಿತ್ತಳೆ ಕೋಟನ್ನ ಬಿಚ್ಚಿ ಅವರಿಗೆ ಹಾಕ್ತೀರಿ. ದಾರಿ ಗೊತ್ತಿಲ್ಲದೋನು ಎಲ್ಲರಿಗೂ ಕಾಣಿಸ್ಬೇಕು, ಅದು ನಿಮ್ಮ ರೂಲು. ಚಿಕ್ಕೋಳಿದ್ದಾಗ ನಾನೂ ಅದನ್ನ ಹಾಕ್ಕೊಂಡಿದೀನಿ, ಮೊಣಕಾಲಿಗೆ ಬರ್ತಿತ್ತು.” ಅವಳ ದನಿ ಗಡುಸಾಯಿತು. “ಆ ಕೋಟು ಎಲ್ಲಿ? ಹೊಳೇಲಾ?”

ಎರುವೇರಾ ಕಿಟಕಿಯ ಕಡೆ ತಿರುಗಿದರು.

“ಕಿತ್ತಳೆ ಕೋಟು ಹಾಕ್ಕೊಂಡ ಗಂಡು ಜಿಂಕೆ ನಾನು ನೋಡಿಲ್ಲ, ಕೋರೋ. ನೀವು ನೋಡಿದೀರಾ?”

“ಸರಿ,” ಎಂದರು ಮುದುಕರು. ದನಿಯಲ್ಲಿ ಒಂಥರಾ ಸಮಾಧಾನವಿತ್ತು. ಹೊರೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದವರ ಹಾಗೆ. “ಹಾಗಾದ್ರೆ ಬರ್ಕೋ. ಗೊತ್ತಿದ್ದೇ ಹೊಡೆದೆ. ಬೇಕಂತ್ಲೇ. ಅವನ ಮೋರೆ ನಂಗೆ ಇಷ್ಟ ಆಗ್ಲಿಲ್ಲ. ಕೊಲೆ ಅಂತ ಬರ್ಕೋ. ಆಯ್ತಾ? ಈಗ ಮನೆಗೆ ಹೋಗ್ಲಾ?”

ಹೂರಿಯಾಗೆ ಕೋಪಕ್ಕಿಂತ ಮೊದಲು ಅಳು ಬಂತು. ನುಂಗಿಕೊಂಡಳು. ಸಣ್ಣ ತಪ್ಪಿನ ಸುಳ್ಳು ಸಾಲದಾದಾಗ ದೊಡ್ಡ ತಪ್ಪಿನ ಸುಳ್ಳನ್ನು ಎಷ್ಟು ಸಲೀಸಾಗಿ ಎತ್ತಿಕೊಂಡುಬಿಟ್ಟರು!

“ಅದೂ ಆಗಲ್ಲ. ಈ ಗುಂಡು ಹೊಳೆ ಆಚೆ ಚಾಚಿರೋ ಬೋಳುಗುಡ್ಡದಿಂದ ಬಂದಿದ್ದು. ಅವನು ಬಿದ್ದ ಹುಲ್ಲಿನ ಬಯಲು ನೇರ ಕಾಣೋದು ಅಲ್ಲಿಂದ ಮಾತ್ರ. ಗುಂಡಿನ ಸದ್ದು ಕಾಡಿನ ಗುಡಿಸಲಲ್ಲಿ ತಂಗಿದ್ದ ಬೇಟೆಯವರು ಕೇಳಿದ್ರು. ಅವರು ಚಹಾ ಕುಡಿದು ಮುಗಿಸೋದ್ರೊಳಗೆ ನಿಮ್ಮ ಜೇಬಿನ ತುರ್ತು ಬೀಕನ್ ಸಹಾಯ ಬೇಕು ಅಂತ ಸಿಗ್ನಲ್ ಕಳಿಸಿತ್ತು, ಅವನ ಪಕ್ಕದಿಂದ. ಆ ಗುಡ್ಡದಿಂದ ಇಳಿದು, ಕೊರಕಲು ಸುತ್ತಿ, ಹೊಳೆ ದಾಟಿ ಬರೋಕೆ ಅರ್ಧ ದಿನ ಬೇಕು. ನೀವು ಹಾರ್ಕೊಂಡು ಬಂದ್ರಾ?”

ಎರುವೇರಾ ಹೀಟರಿನ ಕಡೆ ಕೈ ಚಾಚಿದರು.

“ಗುಂಡು ಬಿದ್ದಾಗ ನೀವು ಅವನ ಪಕ್ಕದಲ್ಲಿದ್ರಿ. ಕೋಟು ಬಿಚ್ಚಿ ಗಾಯಕ್ಕೆ ಒತ್ತಿದ್ರಿ. ಅವನು ತಕ್ಷಣ ಸಾಯ್ಲಿಲ್ಲ. ಸಾಯೋವರೆಗೂ ಕೈ ಹಿಡ್ಕೊಂಡು ಕೂತಿದ್ರಿ. ಹೆಲಿಕಾಪ್ಟರ್ ಗದ್ದಲದಲ್ಲಿ ನಿಮ್ಮ ಹೆಗಲ ಮೇಲಿದ್ದ ರೈಫಲ್ ಯಾವುದು ಅಂತ ಯಾರೂ ನೋಡ್ಲಿಲ್ಲ. ಮಾರನೇ ದಿನ ಮನೆ ಕಪಾಟಿನಿಂದ ಇನ್ನೊಂದನ್ನ ತಂದು ನಮಗೆ ಕೊಟ್ರಿ.”

ಎರುವೇರಾರ ಕಣ್ಣು ಮುಚ್ಚಿತ್ತು.

ಅವಳು ಅವರ ಕಡೆ ಬಾಗಿದಳು. ಮುಂದಿನ ಮಾತನ್ನು ನೋಯಿಸಬೇಕೆಂದೇ ಆಡಿದಳು. “ಅಷ್ಟು ದೂರಕ್ಕೆ, ತಾಮ್ರದ ಗುಂಡು. ನೀವು ಕಲಿಸಿದ ಯಾರೂ ಜಿಂಕೆಗೂ ಹಾಗೆ ಹೊಡೆಯಲ್ಲ. ಒದ್ದಾಡಿ ಸಾಯುತ್ತೆ ಅಂತ ಗೊತ್ತಿರುತ್ತೆ. ಜಿಂಕೆಗೆ ಕೊಡೋ ಮರ್ಯಾದೆನೂ ಅವನಿಗೆ ಕೊಡ್ಲಿಲ್ಲ. ದುರ್ಬೀನಲ್ಲಿ ಅವನ ಮುಖ ನೋಡ್ಕೊಂಡೇ...”

“ಅಷ್ಟು ದೂರದಿಂದ ಮುಖ ಕಾಣಲ್ಲ!”

ಮಾತು ಬಾಯಿಂದ ಹಾರಿಬಿಟ್ಟಿತ್ತು. ಎರುವೇರಾ ಅದನ್ನು ಹಿಡಿದು ಹಿಂದಕ್ಕೆ ಎಳೆದುಕೊಳ್ಳುವವರಂತೆ ತುಟಿ ಬಿಗಿದರು. ತಡವಾಗಿತ್ತು.

ಮುದುಕರು ತಮ್ಮ ಪರವಾಗಿ ಮಾತಾಡಿರಲಿಲ್ಲ. ಗುಡ್ಡದ ಮೇಲಿದ್ದವರ ಪರವಾಗಿ ಮಾತಾಡಿದ್ದರು. ಮುಖ ಕಾಣಲ್ಲ. ಅಂದರೆ ಹೊಡೆದವರಿಗೆ ಟಲಕ್‌ನ ಮುಖ ಕಂಡಿರಲಿಲ್ಲ. ಕಂಡದ್ದು ಕಿತ್ತಳೆ ಬಣ್ಣ. ಇಡೀ ಕಣಿವೆಗೆ ಗೊತ್ತಿದ್ದ ಒಂದು ಹಳೆಯ ಕೋಟು.

ಹೂರಿಯಾ ಗುಂಡಿನ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಅವನಿಗಲ್ಲ,” ಎಂದಳು ಮೆಲ್ಲಗೆ. “ಗುಂಡು ಅವನಿಗೆ ಇಟ್ಟಿದ್ದಲ್ಲ. ನಿಮಗೆ.”

“ಟೇಪು ನಿಲ್ಲಿಸು.”

“ರೈಫಲ್ ಕಪಾಟಿನ ಕೀಲಿ ಇರೋದು ನಿಮ್ಮನೇ ಇಬ್ಬರ ಹತ್ರ.”

“ನಿಲ್ಲಿಸು ಅಂದೆ, ಹೂರಿಯಾ.”

ಅವಳು ನಿಲ್ಲಿಸಿದಳು. ಅವರು ಹೆಸರು ಹಿಡಿದು ಕರೆದದ್ದು ಎಷ್ಟೋ ವರ್ಷಗಳ ಮೇಲೆ.

“ಮೆರಿಯಾನಾ ಯಾಕೆ ಹಾಗೆ ಮಾಡಿದ್ಲು, ಕೋರೋ?”

“ನಾನು ಯಾರ ಹೆಸರೂ ಹೇಳಿಲ್ಲ. ಹೇಳೋದೂ ಇಲ್ಲ.” ಅವರ ಕಣ್ಣಲ್ಲಿ ನೀರಿರಲಿಲ್ಲ, ಒಣಗಿದ ಹೊಳೆಯ ತಳದಂತಿತ್ತು. “ನೀನು ಕೋಟು ಹಾಕ್ಕೊಂಡು ನನ್ನ ಹಿಂದೆ ಓಡಾಡಿದೋಳು. ರಾತ್ರಿಯಾದ್ರೆ ನೀನು ನಿಮ್ಮನೆಗೆ ವಾಪಸ್ ಹೋಗ್ತಿದ್ದೆ. ನಮ್ಮನೇಲಿ ಇದ್ದೋಳು ಅವಳು. ಒಳ್ಳೇ ಗುರು ಅಂತ ನೀವೆಲ್ಲ ಅಂತೀರಲ್ಲ, ಆ ಮನುಷ್ಯ ಮನೇಲಿ ಹೇಗಿದ್ದ ಅಂತ ಅವಳನ್ನ ಕೇಳು. ಹೇಳಿದ್ರೆ.”

“ಏನು ಮಾಡಿದ್ರಿ ಅವಳಿಗೆ?”

ಹೊರಗೆ ಪಿಕಪ್ಪಿನ ಹಾರನ್ ಒಮ್ಮೆ ಸಣ್ಣಗೆ ಕೂಗಿತು.

ಎರುವೇರಾ ಎದ್ದು ಟೋಪಿ ಹಾಕಿಕೊಂಡರು.

“ಕೂತ್ಕೊಳ್ಳಿ.” ಹೂರಿಯಾ ಬಾಗಿಲಿಗೆ ಅಡ್ಡ ನಿಂತಳು. “ಕೊಲೆ ಮಾಡಿದೆ ಅಂತ ಟೇಪಿನಲ್ಲಿ ಒಪ್ಪಿಕೊಂಡಿದೀರಿ. ಅದರ ಮೇಲೆ ನಿಮ್ಮನ್ನ ಈಗಲೇ ಒಳಗೆ ಹಾಕ್ತೀನಿ.”

ಅವರು ನಕ್ಕರು. ಆ ವಾರದಲ್ಲಿ ಮೊದಲ ಸಲ, ನಿಜವಾಗಿ.

“ಅದೇ ಟೇಪಿನಲ್ಲಿ ಅದು ಸುಳ್ಳು ಅಂತ ನೀನೇ ತೋರಿಸಿದೀಯಲ್ಲ. ಗುಡ್ಡ, ಹೊಳೆ, ಬೀಕನ್ನು, ಎಲ್ಲಾ ಬಿಡಿಸಿ ಬಿಡಿಸಿ ಹೇಳಿದೀಯ. ನಾನು ಮಾಡಿಲ್ಲ ಅಂತ ಇಷ್ಟು ಚೆನ್ನಾಗಿ ಯಾವ ವಕೀಲ ಹೇಳ್ತಿದ್ದ? ಈಗ ಯಾವ ಬಾಯಲ್ಲಿ ನನ್ನನ್ನ ಹಿಡಿದಿಡ್ತೀಯ?”

“ಇವತ್ತೊಂದಿನ ಇಲ್ಲೇ ಇರಿ. ನನ್ನ ಮಾತು ಕೇಳಿ. ಅವಳ ಜೊತೆ ಹೋಗ್ಬೇಡಿ.”

“ಮಗಳು ಬಾಗಿಲಲ್ಲಿ ಕಾಯ್ತಿದಾಳೆ, ಹುಡುಗಿ. ಅವಳು ಕಾದಿದ್ದು ಸಾಕು.”

ಅವಳ ಹೆಗಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟರು. ಹೂರಿಯಾಳ ಕೈ ಅವರ ತೋಳಿನ ತನಕ ಹೋಯಿತು, ಹಿಡಿಯಲಿಲ್ಲ. ಕಾನೂನು ಏನು ಹೇಳುತ್ತದೆ ಎಂಬುದು ಅವಳಿಗೆ ಬಾಯಿಪಾಠವಿತ್ತು. ಈ ಗಳಿಗೆಯಲ್ಲಿ ಅದರ ಒಂದು ಸಾಲೂ ಅವಳ ಕಡೆಗಿರಲಿಲ್ಲ.

ಕಿಟಕಿಯಿಂದ ನೋಡಿದಳು. ಮೆರಿಯಾನಾ ಇಳಿದು ಬಂದು ತಂದೆಯ ತೋಳು ಹಿಡಿದು ಹತ್ತಿಸಿದಳು. ಕರಿದ ಮೀನಿನ ಪೊಟ್ಟಣವನ್ನು ಅವರ ತೊಡೆಯ ಮೇಲಿಟ್ಟಳು, ಸೀಟಿನ ಪಟ್ಟಿ ಬಿಗಿದಳು. ಒಳ್ಳೆಯ ಮಗಳು ಮಾಡುವುದನ್ನೆಲ್ಲ ಮಾಡಿದಳು. ಆಮೇಲೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು, ತುಸು ಹೊತ್ತು, ಕಣ್ಣು ಮಿಟುಕಿಸದೆ.

ಪಿಕಪ್ ಹೊರಟಿತು. ಹೂರಿಯಾ ಓಡುತ್ತ ಹೊರಕೋಣೆಗೆ ಬಂದಳು.

“ಕಾರಿನ ಕೀಲಿ ಎಲ್ಲಿ? ಡೆಸ್!”

ಡೆಸ್ ಕೌಂಟರಿನ ಹಿಂದೆ ಖಾಲಿ ಕಪಾಟಿಗೆ ಬೀಗ ಹಾಕುತ್ತಿದ್ದ. “ಯಾಕೆ, ಏನಾಯ್ತು? ಒಳ್ಳೇದಾಯ್ತು ಬಿಡಿ, ಆ ಮನೆ ಸಾಮಾನೆಲ್ಲ ಖಾಲಿ. ಕೇಸಿಗೆ ಬೇಕಾದ್ದೊಂದು ಬಿಟ್ಟು ಮಿಕ್ಕ ರೈಫಲ್ ವಾಪಸ್ ಕೊಡಿ ಅಂತ ಬೆಳಗ್ಗೇನೇ ಮೇಲಿನಿಂದ ಹೇಳಿದ್ರಲ್ಲ. ಮೆರಿಯಾನಾ ಈಗ್ಲೇ ತಗೊಂಡು ಹೋದ್ಲು. ಲೈಸೆನ್ಸು ಅವಳದ್ದು ಸರಿಯಾಗೇ ಇದೆ.”

“ತೋಟಾ?”

“ಅದೂ ಕೊಟ್ಟೆ. ವಿಚಿತ್ರ ಹೆಂಗಸಪ್ಪಾ.” ಡೆಸ್ ಕೌಂಟರಿನ ಮೇಲಿದ್ದ ಪೆಟ್ಟಿಗೆಗಳ ಕಡೆ ಕೈ ತೋರಿಸಿದ. “ತಾಮ್ರದ್ದು ಅಷ್ಟೂ ಬೇಡ, ನೀವೇ ಇಟ್ಕೊಳ್ಳಿ ಅಂದ್ಲು. ಅವರಪ್ಪ ಯಾವ ಕಾಲದಲ್ಲೋ ಮೂಲೆಗೆ ಹಾಕಿದ್ದ ಸೀಸದ ತೋಟಾ ಇತ್ತಲ್ಲ, ಒಂದು ಸಣ್ಣ ಡಬ್ಬಿ? ಅದನ್ನ ಮಾತ್ರ ತಗೊಂಡ್ಲು.”

ರಸ್ತೆಯ ಕೊನೆಯಲ್ಲಿ ಪಿಕಪ್ ಸೇತುವೆಯ ತನಕ ಹೋಗಿ ನಿಧಾನಿಸಿತು. ಮನೆಗೆ ಹೋಗುವ ದಾರಿ ಎಡಕ್ಕಿತ್ತು. ಅದು ಬಲಕ್ಕೆ, ವೈಕುರಾ ಹೊಳೆಯ ಮೇಲ್ಗಡೆಯ ಕಾಡಿಗೆ ತಿರುಗಿತು.